ಏನು ತಿಂದೆ ಎಂದು ಕೇಳುವವರು

ಕೆಟ್ಟದ್ದು ಶುರುವಾದದ್ದು ಬೆಳಗಿನ ಆರೂಕಾಲಿಗೆ. ಡೆಟ್ರಾಯಿಟಿನಲ್ಲಿ ನಾವು ಬಾಡಿಗೆಗಿದ್ದ ಬೇಸ್‌ಮೆಂಟಿನ, ಅಂದರೆ ನೆಲಮಾಳಿಗೆಯ, ಬಚ್ಚಲಲ್ಲಿ ನನಗೆ ರಕ್ತ ಹೋಗತೊಡಗಿತು. ಬಸಿರಿಗೆ ಮೂರು ತಿಂಗಳಾಗಿತ್ತು. ಗಂಡ ಕಾರ್ಖಾನೆಯ ಮೊದಲ ಪಾಳಿಗೆ ಹೊರಟುಹೋಗಿದ್ದರು. ಮೆಟ್ಟಿಲ ಮೇಲೆ ಕುಸಿದು ಕೂಗಿದೆ. ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮಾಡಿದವಳ ಬಾಯಿಂದ ಬಂದದ್ದು "ಅವ್ವಾ" ಒಂದೇ.

ಮನೆಯೊಡತಿ ಹೆಲೆನ್ ಇಳಿದು ಬಂದಳು. ಕೈ ಹಿಡಿದು ಎತ್ತುವ ಮೊದಲೇ ಕೇಳಿದಳು: "ಏನು ತಿಂದೆ? ನಿಜ ಹೇಳು, ಏನು ಮಾಡಿಕೊಂಡೆ?"

ಏಳು ವರ್ಷದ ಹಿಂದೆ ಇದೇ ಪ್ರಶ್ನೆ ನಮ್ಮೂರು ಅನುಗೊಂಡನಹಳ್ಳಿಯಲ್ಲಿ ನನ್ನ ಕಿವಿಗೆ ಬಿದ್ದಿತ್ತು. ಆಸ್ಪತ್ರೆಯಲ್ಲಿ ಗರ್ಭ ತೆಗೆಸಿಕೊಳ್ಳಬಹುದೆಂಬ ಕಾನೂನು ಇನ್ನೂ ಬಂದಿರಲಿಲ್ಲ. ಐದನೆಯ ಬಸಿರು ಬೇಡವೆಂದು ನನ್ನ ಅಕ್ಕ ರಾಜಮ್ಮ ಯಾರಿಂದಲೋ ಕದ್ದು ಎಕ್ಕದ ಕಡ್ಡಿ ಇಡಿಸಿಕೊಂಡಿದ್ದಳು. ಚಾಪೆ ನೆನೆದುಹೋಗಿತ್ತು. ಅವಳ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ಏನ್ ತಿಂದೆ ಹೇಳೇ. ಹೇಳೋಗಂಟ ಗಾಡಿ ಕಟ್ಸಲ್ಲ."

"ದೊಡ್ಡಮ್ಮ, ಮೊದ್ಲು ಹೊಸಕೋಟೆ ಆಸ್ಪತ್ರೆಗೆ ಹೋಗಾನ. ಆಮೇಲೆ ಬೈಯ್ಯಿರಂತೆ," ಎಂದೆ.

"ಕಾಲೇಜು ಓದಿರೋಳು ಸುಮ್ಕಿರು. ಪೊಲೀಸ್ನೋರು ಬಂದ್ರೆ ನಿಮ್ಮಪ್ಪ ಬಂದು ನಿಂತ್ಕಂತಾನಾ?"

ಚಾಪೆಯಿಂದ ಅಕ್ಕ ಹೇಳಿದಳು: "ಬೈಸ್ಕಳಕಾದ್ರೂ ನಾನು ಬದ್ಕಿರ್ಬೇಕಲ್ಲತ್ತೆ."

ಆಮೇಲೆ ಗಾಡಿ ಕಟ್ಟಿದರು. ಅಕ್ಕ ಉಳಿದಳು.

ಹೆಲೆನ್ ಕೂಡ ಕಾರು ತೆಗೆದಳು, ಸುಳ್ಳು ಹೇಳಬಾರದು. ಗರ್ಭ ತಾನಾಗಿ ಜಾರಿದ್ದು ಎಂದು ವೈದ್ಯರು ಹೇಳಿದರು. ಆದರೂ ಅವಳು ನರ್ಸನ್ನು ಪಕ್ಕಕ್ಕೆ ಕರೆದು ಇನ್ನೊಮ್ಮೆ ವಿಚಾರಿಸಿದಳು.

ಅದು ಎಪ್ಪತ್ತಾರು, ಚುನಾವಣೆಯ ವರ್ಷ. ನಮ್ಮ ರಾಷ್ಟ್ರಪತಿಯ ಹಾಗಲ್ಲ, ಇಲ್ಲಿ ಅಧ್ಯಕ್ಷನಿಗೆ ಜನರೇ ಮತ ಹಾಕುತ್ತಾರೆ. ನಮ್ಮೂರಲ್ಲಿ ಸುಣ್ಣದ ಗೋಡೆಗೆ ಪಕ್ಷದ ಚಿಹ್ನೆ ಬರೆದರೆ, ಇಲ್ಲಿ ಮನೆ ಮುಂದಿನ ಹುಲ್ಲಿನಲ್ಲಿ ಹೆಸರಿನ ಫಲಕ ನೆಡುತ್ತಾರೆ. ಅದು ಯಾರ್ಡ್ ಸೈನ್. ಹೆಲೆನಳ ಚರ್ಚಿನವರು ಒಂದೇ ಪ್ರಶ್ನೆ ಇಟ್ಟು ಅಧ್ಯಕ್ಷನನ್ನು ಅಳೆಯುತ್ತಿದ್ದರು: ಗರ್ಭಪಾತ ನಿಲ್ಲಿಸುತ್ತಾನೋ ಇಲ್ಲವೋ. ಹೆತ್ತ ಮೇಲೆ ಮಗುವಿಗೆ ಹಾಲು ಯಾರು ಕೊಡುತ್ತಾರೆಂಬ ವಿಚಾರ ಅವರ ಸಭೆಯಲ್ಲಿ ಬರುತ್ತಿರಲಿಲ್ಲ. ಅಭ್ಯರ್ಥಿಗಳಂತೂ ಈ ಮಾತು ಬಂದರೆ ಸಾಕು, ಬಿಸಿ ಮುದ್ದೆ ಬಾಯಿಗಿಟ್ಟುಕೊಂಡವರಂತೆ ಒದ್ದಾಡುತ್ತಿದ್ದರು.

ನಮ್ಮ ಗಂಡಸರೇನು ಕಡಿಮೆಯೇ? ಭಾನುವಾರ ಊಟಕ್ಕೆ ಬಂದ ದೊಡ್ಡಬಳ್ಳಾಪುರದ ಸ್ನೇಹಿತರೊಬ್ಬರು ಹೊಟ್ಟೆ ಸವರುತ್ತಾ, "ಲೇ, ಇದು ಹೆಂಗಸ್ರ ವಿಷ್ಯ ಕಣೋ. ಪ್ರೆಸಿಡೆಂಟ್ ಅಂದ್ರೆ ಡಾಲರ್ ನೋಡ್ಬೇಕು," ಎಂದರು.

"ಡಾಲರಿಗೆ ರಕ್ತ ಹೋಗಲ್ಲ ಅಣ್ಣ," ಎಂದೆ ಒಲೆಯ ಮುಂದಿನಿಂದ.

"ಏನಪ್ಪಾ ನಿನ್ ಹೆಂಡ್ತಿ!" ಎಂದು ನಕ್ಕು ಅವರು ಇನ್ನಷ್ಟು ಸಾರು ಬಡಿಸಿಕೊಂಡರು.

ಮತ ಹಾಕುವಾಗ ಈ ವಿಷಯ ಎಷ್ಟು ತೂಗಬೇಕು? ಬಹಳ ತೂಗಬೇಕು ಎನ್ನುತ್ತೇನೆ. ನನ್ನ ಲೆಕ್ಕ ಮಾತ್ರ ಬೇರೆ. ಹೆಂಗಸೊಬ್ಬಳು ನೆಲದ ಮೇಲೆ ಬಿದ್ದಿರುವಾಗ ಈ ಮನುಷ್ಯ ಬಾಗಿಲಿಗೆ ಅಡ್ಡ ನಿಲ್ಲುತ್ತಾನೋ, ಗಾಡಿ ಕಟ್ಟಿಸುತ್ತಾನೋ? ಪಾಪಪುಣ್ಯದ ಭಾಷಣ ಆಮೇಲೆ ಮಾಡಿಕೊಳ್ಳಲಿ.

ಹಾಗೆನ್ನಲು ನನಗೆ ಮತವಾದರೂ ಎಲ್ಲಿತ್ತು? ಅನುಗೊಂಡನಹಳ್ಳಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಆದರೆ ತುರ್ತು ಪರಿಸ್ಥಿತಿ, ಚುನಾವಣೆ ಇರಲಿಲ್ಲ. ಇಲ್ಲಿ ಚುನಾವಣೆ ಇತ್ತು, ನನ್ನ ಹೆಸರಿರಲಿಲ್ಲ.

ವಾರಗಟ್ಟಲೆ ನಾನು ನಡುರಾತ್ರಿ ಎದ್ದು, ಹಾಸಿಗೆ ಒದ್ದೆಯಾಗಿದೆಯೇ ಎಂದು ಕೈಯಾಡಿಸುತ್ತಿದ್ದೆ. ಒಮ್ಮೊಮ್ಮೆ ಕೈಗೆ ಚಾಪೆ ತಗುಲಿದಂತಾಗುತ್ತಿತ್ತು. ಮತ ಎಣಿಸಿದ ರಾತ್ರಿ ಮೇಲೆ ಹೆಲೆನಳ ಟಿ.ವಿ. ಒದರುತ್ತಲೇ ಇತ್ತಂತೆ. ನನಗೆ ಕೇಳಿಸಲಿಲ್ಲ; ಅಂದು ನಡುರಾತ್ರಿ ನಾನು ಏಳಲೇ ಇಲ್ಲ.

ಬೆಳಗ್ಗೆ ಅವಳು ಸೋತವನ ಫಲಕ ಕೀಳುತ್ತಿದ್ದಳು. ನನ್ನನ್ನು ಕಂಡು, "ನಿದ್ದೆ ಬಂತಾ?" ಎಂದಳು.

"ಬಂತು," ಎಂದೆ. "ಬೆಳಗಾಗುವವರೆಗೂ."