ಕುರಿ ಹತ್ತಿದ ವಿಮಾನ

ಮೊನ್ನೆ ರಾಯಬಾಗ ಬಸ್ ಸ್ಟ್ಯಾಂಡಿನ ಎದುರು ಕುರಿ ತುಂಬಿದ ಟೆಂಪೋ ಒಂದು ನಿಂತಿತ್ತು. ಅದರ ಪಕ್ಕದಲ್ಲೇ ಒಬ್ಬ ಚಿಮಣಿ ಎಣ್ಣೆಯ ಡಬ್ಬಿ ಕೆಡವಿಕೊಂಡು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ. ಕುರಿ ಹಿಕ್ಕಿಯ ವಾಸನೆ, ಅದರ ಮೇಲೆ ಎಣ್ಣೆಯ ವಾಸನೆ... ಎರಡೂ ಕೂಡಿ ಮೂಗಿಗೆ ಬಡಿದದ್ದೇ ನನ್ನ ಕಾಲುಗಳು ಅಲ್ಲೇ ನಿಂತವು. ನಾನು ಹತ್ತಬೇಕಾಗಿದ್ದ ಬಸ್ಸು ಹೋಯಿತು.

ಮೊದಲೇ ಹೇಳಿಬಿಡುತ್ತೇನೆ. ಒಂದು ವಿಮಾನ ಕಂಪನಿಯನ್ನು ಬರೀ ಬಾಯಿಂದ ಕೂಗಿ ನೆಲಕ್ಕೆ ಕೂರಿಸಿದ ಶಾಣ್ಯಾ ನಾನು. ಕಂಡವರ ದನಿ ಮಾಡುವುದು ನನ್ನ ಚಟ. ಕಂಡಕ್ಟರು, ಮಾಸ್ತರು, ತಂಬಾಕಿನ ದಲಾಲರು, ನಮ್ಮಪ್ಪ, ಯಾರನ್ನೂ ಬಿಟ್ಟವನಲ್ಲ. ನನ್ನ ದನಿ ಮಾಡಿದರೆ ಮಾತ್ರ ಯಾರೂ ನಗುವುದಿಲ್ಲ, ಅದಕ್ಕೇ ಅದನ್ನು ಬಳಸುವುದು ಕಡಿಮೆ. ನಿಪ್ಪಾಣಿಯ ನಮ್ಮ ಮಾಲಕರು ನನ್ನನ್ನು ಕೆಲಸಕ್ಕಿಟ್ಟುಕೊಂಡದ್ದೂ ಈ ಚಟಕ್ಕಾಗಿಯೇ. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಫೋನಿನೊಳಗೆ ದೊಡ್ಡ ಸಾಹೇಬನಂತೆ ಮಾತಾಡಲು ಅವರ ಆಫೀಸಿಗೊಬ್ಬ ಬೇಕಾಗಿದ್ದ.

ಮಾಲಕರು ಮೂಲತಃ ಲಾರಿಯವರು. ತಂಬಾಕು ಹೇರಿಕೊಂಡು ಊರೂರು ತಿರುಗಿ, ಸ್ಟೇರಿಂಗ್ ಹಿಡಿದೇ ಹೊಟ್ಟೆ ಬೆಳೆಸಿಕೊಂಡವರು. ತೊಂಬತ್ತರ ಆಚೀಚೆ ಖಾಸಗಿಯವರೂ ವಿಮಾನ ಹಾರಿಸಬಹುದು ಎಂದಾದಾಗ ಅವರ ತಲೆಗೆ ಗಾಳಿ ಹೊಕ್ಕಿತು. ಮುಂಬಯಿಯ ಒಂದು ಕಂಪನಿಯಿಂದ ಎರಡು ಪಂಖದ ಹಳೆಯ ಸರಕು ವಿಮಾನವನ್ನು ಕರಾರಿನ ಮೇಲೆ ತಂದರು. ಬೋರ್ಡು ಬರೆಸಿದರು, ಬೋರ್ಡಿನ ಮೇಲೆ ರೆಕ್ಕೆ ಬರೆಸಿದರು. ಚಾರ್ಟರ್ ಅಂದ್ರೇನ್ರಿ ಎಂದು ಯಾರಾದರೂ ಕೇಳಿದರೆ, "ಬಾಡಗಿ ಟೆಂಪೋ ಐತಲ್ಲ, ಅದಕ್ಕ ರೆಕ್ಕಿ ಹಚ್ಚಿದ್ರ ಚಾರ್ಟರ್" ಎನ್ನುತ್ತಿದ್ದರು. ಅಷ್ಟೇ ಸರಳ ಎಂದು ಅವರೂ ನಂಬಿದ್ದರು.

ಅಥಣಿ, ಕಾಗವಾಡದ ದ್ರಾಕ್ಷಿ ಕಲಕತ್ತೆಗೆ ಹೋಯಿತು. ಹುಟ್ಟಿ ಒಂದು ದಿನವಾದ ಕೋಳಿಮರಿಗಳು ರಟ್ಟಿನ ಡಬ್ಬಿಯಲ್ಲಿ ಚಿಂವ್ ಚಿಂವ್ ಎನ್ನುತ್ತ ಹೋದವು. ಕಬ್ಬು ಅರೆಯುವಾಗ ನಿಂತುಹೋದ ಒಂದು ಸಕ್ಕರೆ ಕಾರಖಾನೆಗೆ ಯಂತ್ರದ ಭಾಗವೊಂದನ್ನು ರಾತ್ರೋರಾತ್ರಿ ತರಿಸಿಕೊಟ್ಟಾಗ ಮಾಲಕರು ಮದುಮಗನ ಹಾಗೆ ತಿರುಗಾಡಿದರು. ಆದರೆ ಹೋಗುವಾಗ ದ್ರಾಕ್ಷಿ, ಬರುವಾಗ ಬರೀ ಗಾಳಿ. ಲಾರಿಯಾದರೆ ವಾಪಸ್ ಬರುವಾಗ ಸಿಮೆಂಟೋ ಗೊಬ್ಬರವೋ ಸಿಗುತ್ತದೆ. ವಿಮಾನಕ್ಕೆ ಯಾರು ಗೊಬ್ಬರ ಹೇರುತ್ತಾರೆ? ದ್ರಾಕ್ಷಿಯ ಹಂಗಾಮು ಮುಗಿದ ಮೇಲಂತೂ ವಿಮಾನ ರಾಜ್ಯದ ಗಡಿಯಾಚೆ, ವಿಮಾನ ಇಳಿಯುವ ಸಣ್ಣ ಪಟ್ಟಿಯ ಮೇಲೆ ಸುಮ್ಮನೆ ನಿಂತಿರುತ್ತಿತ್ತು. ಮಾಲಕರು ದಿನಾ ಸಂಜೆ ಹೋಗಿ ಅದರ ಗಾಲಿ ಮುಟ್ಟಿ ಬರುತ್ತಿದ್ದರು, ಎಮ್ಮೆಯ ಕೆಚ್ಚಲು ನೋಡಿದ ಹಾಗೆ...

ಕಡೆಗೆ ಕರಾರಿನ ಬಾಡಿಗೆ ಬಾಕಿ ಬಿದ್ದು ಮುಂಬಯಿಯವರು ಖಡಕ್ಕಾಗಿ ಹೇಳಿದರು. ಇನ್ನೊಂದು ಟ್ರಿಪ್ ತಪ್ಪಿದರೂ ವಿಮಾನ ವಾಪಸ್. ಆ ಟ್ರಿಪ್ಪೇ ಕುರಿಗಳದ್ದು. ದೂರದ ಗುಡ್ಡಗಾಡಿನ ಯಾವುದೋ ಸಾಕಣೆ ಕೇಂದ್ರಕ್ಕೆ ನಮ್ಮ ಕಡೆಯ ತಳಿಯ ಕುರಿ ಬೇಕಾಗಿದ್ದವು. ಲಾರಿಯಲ್ಲಿ ಕಳಿಸಿದರೆ ಅರ್ಧ ದಾರಿಗೇ ಸಾಯುತ್ತವೆ. ಕರೋಶಿಯ ಕುರಿಯಜ್ಜನೊಬ್ಬ ತನ್ನ ಹಿಂಡಿನಿಂದ ಆರಿಸಿ ಕೊಡಲು ಒಪ್ಪಿದ. ಕುರಿಯನ್ನು ವಿಮಾನ ಹತ್ತಿಸುವುದು ಹೇಗೆ ಎಂದು ಮಾಲಕರು ಕೇಳಿದರೆ ಅಜ್ಜ ನಕ್ಕ.

"ನನ್ನ ಮುಂದಿನ ಟಗರ ಹತ್ತಿದ್ರ ಸಾಕ್ರಿ. ಅದು ಬಾವ್ಯಾಗ ಜಿಗದ್ರೂ ಇವು ಹಿಂದ ಜಿಗೀತಾವ."

ಟಗರನ್ನು ಆತ ಮಾರುವವನಲ್ಲ. ಅದು ಹಿಂಡನ್ನು ಒಳಗೆ ಕರೆದೊಯ್ದು, ಪೈಲಟ್ ಹತ್ತುವ ಮುಂದಿನ ಸಣ್ಣ ಬಾಗಿಲಿಂದ ಇಳಿದು ಬರಬೇಕು ಎಂದು ಮಾತಾಯಿತು.

ಆ ದಿನ ಕೊಗನೊಳ್ಳಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಮಗುಚಿ ಹೆದ್ದಾರಿ ಬಂದ್ ಆಯಿತು. ಕುರಿಯ ಲಾರಿಗಳು ಸಾಲಿನಲ್ಲಿ ಸಿಕ್ಕಿಬಿದ್ದವು. ನಾವು ವಿಮಾನದ ಪಟ್ಟಿ ಮುಟ್ಟುವಾಗ ಬಿಸಿಲು ಹಳದಿಗೆ ತಿರುಗಿತ್ತು. ಆ ಪಟ್ಟಿಗೆ ದೀಪವಿಲ್ಲ. ಹೊತ್ತು ಮುಳುಗಿದರೆ ಹಾರುವಂತಿಲ್ಲ. ಮಾಲಕರು ಒಮ್ಮೆ ಸೂರ್ಯನನ್ನು, ಒಮ್ಮೆ ಪೈಲಟ್ಟನನ್ನು ನೋಡುತ್ತ, ಇಬ್ಬರಿಗೂ ಕೈಮುಗಿಯುವಂತೆ ಓಡಾಡುತ್ತಿದ್ದರು. "ಬರ್ರ್ಯೋ, ಲಗೂನ ಬರ್ರ್ಯೋ! ನನ್ನ ಜೀವಾ ಹೋಗಾಕತ್ತೈತಿ!"

ಹಲಗೆಯ ಮೇಲೆ ಟಗರು ಗಂಟೆ ಅಲ್ಲಾಡಿಸುತ್ತ ಹಿಂದಿನ ಬಾಗಿಲಿಂದ ಏರಿತು. ಹಿಂಡು ಹಿಂದೆ ಏರಿತು. ಹಿಕ್ಕಿಯ ವಾಸನೆಗೆ ವಿಮಾನದ ಎಣ್ಣೆಯ ವಾಸನೆ ಕೂಡಿತು, ಥೇಟ್ ಚಿಮಣಿ ಎಣ್ಣೆಯದೇ. ಏರಿಸುವಾಗ ವಿಮಾನದ ಬಾಲದ ಕೆಳಗೆ ಕಬ್ಬಿಣದ ಊರುಗೋಲೊಂದನ್ನು ಕೊಡಬೇಕು, ಇಲ್ಲದಿದ್ದರೆ ತೂಕ ಹಿಂದೆ ಬಿದ್ದು ಮೂಗು ಮೇಲೇಳುತ್ತದೆ. ಒಳಗೆ ಕುರಿಗಳನ್ನು ಪಾಲು ಮಾಡಿ ನಡುನಡುವೆ ಕಟ್ಟಿಗೆಯ ತಡಿಕೆ ಕಟ್ಟಬೇಕು. ಇವೆಲ್ಲ ನಮಗೆ ಗೊತ್ತಿತ್ತು. ಆದರೆ ಕುರಿಗಳೆಲ್ಲ ಮುಂದೆ ಹೋಗಿ ಒತ್ತಾಗಿ ನಿಂತದ್ದನ್ನು ಕಂಡು ಮಾಲಕರು, "ಕೋಲ ತಗೀರಿ, ತಡಿಕಿ ಆಮ್ಯಾಲ ಕಟ್ಟೂನು" ಎಂದರು. ಕೋಲು ತೆಗೆದರು.

ಟಗರು ಮಾತ್ರ ಸಣ್ಣ ಬಾಗಿಲಿಗೆ ಬರಲೊಲ್ಲದು. ಅಜ್ಜ ಹೊರಗೆ ನಿಂತು ಮೇವು ತೋರಿಸುತ್ತಿದ್ದ. "ಗಡಿಬಿಡಿ ಮಾಡಬ್ಯಾಡ್ರಿ, ಅದು ಬರ್ತೈತಿ" ಎನ್ನುತ್ತಿದ್ದ. ಸೂರ್ಯ ಕಬ್ಬಿನ ತುದಿಗೆ ಇಳಿಯುತ್ತಿದ್ದ. ಮಾಲಕರ ಮುಖ ನೋಡಲಾಗಲಿಲ್ಲ. ನಾನು ಹಿಂದಿನ ಬಾಗಿಲ ಹತ್ತಿರ ನಿಂತಿದ್ದೆ. ಅಜ್ಜ ಹಿಂಡನ್ನು ಕರೆಯುವ ಕೂಗನ್ನು ಲಾರಿಯಲ್ಲಿ ಬರುವಾಗಲೇ ಕಲಿತಿದ್ದೆ. ಕುರಿ ಹತ್ತಿಸಲು ಜೊತೆಗೆ ಬಂದಿದ್ದ ಹಮಾಲರನ್ನು ಅದರಿಂದ ಎರಡು ಸಲ ನಗಿಸಿಯೂ ಇದ್ದೆ. ಅಜ್ಜನಿಗಿಂತ ಅಜ್ಜನ ದನಿ ನನಗೇ ಚೆನ್ನಾಗಿ ಬರುತ್ತದೆ ಎಂಬ ಸೊಕ್ಕು.

ಕೂಗಿದೆ. "ಹಿರ್ರ್ರ್... ಬಾ ಬಾ ಬಾ... ಹೋಯ್!"

ಟಗರು ತಿರುಗಿತು. ಸಣ್ಣ ಬಾಗಿಲ ಕಡೆಗಲ್ಲ, ನನ್ನ ಕಡೆಗೆ. ಅದರ ಜೊತೆ ಹಿಂಡಿಗೆ ಹಿಂಡೇ ತಿರುಗಿ ಬಾಲದತ್ತ ನುಗ್ಗಿತು. ವಿಮಾನ ನಿಧಾನಕ್ಕೆ, ಬಹಳ ನಿಧಾನಕ್ಕೆ, ನಾಯಿ ಕೂತ ಹಾಗೆ ಹಿಂದಕ್ಕೆ ಕೂತಿತು. ತಗಡು ಹರಿದ ಸಪ್ಪಳ. ಮುಂದಿನ ಗಾಲಿ ಗಾಳಿಯಲ್ಲಿ ನೇತಾಡುತ್ತಿತ್ತು. ಕುರಿಗಳು ನನ್ನ ಮೈಮೇಲಿಂದ ಹಾದು ಬಯಲಿಗೆ ಇಳಿದವು.

ಮಾಲಕರು ಓಡಿ ಬಂದು ಬಾಲದ ಕೆಳಗೆ ಹೆಗಲು ಕೊಟ್ಟರು. ಕೆಸರಲ್ಲಿ ಹೂತ ಲಾರಿಗೆ ಕೊಡುವ ಹಾಗೆ. "ಎತ್ರೋ! ಎತ್ರೋ ಒಬ್ರರೆ!" ನಾವೂ ಹೋಗಿ ಹೆಗಲು ಕೊಟ್ಟೆವು. ನಾನು, ಅಜ್ಜ, ಹಮಾಲರು. ಅದು ಅಲುಗಲಿಲ್ಲ. ಅವರ ಅಂಗಿ ಹರಿಯಿತು, ಹೆಗಲಿಂದ ರಕ್ತ ಬಂತು, ಆದರೂ ಬಿಡಲಿಲ್ಲ. ಕಡೆಗೆ ಪೈಲಟ್ ಬಂದು ಅವರ ತೋಳು ಹಿಡಿದ.

ಮಾಲಕರು ಅವನ ಮುಖ ನೋಡಿ ಕೇಳಿದ್ದು ಒಂದೇ ಮಾತು: "ಇನ್ನೂ ಬೆಳಕ ಐತಲ್ರಿ?"

ಆತ ಮರಾಠಿಯಲ್ಲಿ ಮೆಲ್ಲಗೆ ಹೇಳಿದ. ಬೆಳಕಿದೆ ಮಾಲಕ್, ವಿಮಾನ ಇಲ್ಲ.

ಅಜ್ಜ ಟಗರನ್ನು ಮುಂದಿಟ್ಟುಕೊಂಡು ಹಿಂಡನ್ನು ಹೊಡೆದುಕೊಂಡು ಹೋದ. ಮುಂದೆ ಮುಂಬಯಿಯವರು ಬಂದು ವಿಮಾನವನ್ನು ಬಿಚ್ಚಿದರು. ಅದರ ಬಾಲ ಮಾಲಕರದೇ ಹಳೆಯ ಲಾರಿಯ ಮೇಲೆ ಹೋಯಿತು. ಹಗ್ಗ ಬಿಗಿದವರು ಅವರೇ, ಗಂಟನ್ನು ಎರಡೆರಡು ಸಲ ಎಳೆದು ನೋಡಿದರು. ಆಮೇಲೆ ಮತ್ತೆ ತಂಬಾಕು ಹೇರತೊಡಗಿದರು. ಮೇಲೆ ವಿಮಾನದ ಸಪ್ಪಳವಾದರೆ ಎಲ್ಲರೂ ಕತ್ತು ಎತ್ತುತ್ತಾರೆ. ಅವರು ಮಾತ್ರ ತಲೆ ತಗ್ಗಿಸುತ್ತಿದ್ದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆ ಬೈಗಳವನ್ನೂ ಅವರ ದನಿಯಲ್ಲಿ ಮಾಡಿ ತೋರಿಸಿ ನಾನು ಹಗುರಾಗುತ್ತಿದ್ದೆ. ನನಗೆ ಅಷ್ಟೂ ದಕ್ಕಲಿಲ್ಲ...

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಎಂದೋ ಕೆಲಸ ಬಿಟ್ಟು ನಿಪ್ಪಾಣಿಯಿಂದ ಹೊರಟುಹೋಗಿದ್ದ ನಾನು ಆಗ ಹೋಗಲಿಲ್ಲ, ಹೋಗಲು ಮುಖವಿರಲಿಲ್ಲ. ಮೊನ್ನೆ ರಾಯಬಾಗದಲ್ಲಿ ಬಸ್ಸು ತಪ್ಪಿದವನು ನಿಪ್ಪಾಣಿಯ ಬಸ್ಸು ಹತ್ತಿಬಿಟ್ಟೆ. ಚಿಕ್ಕೋಡಿ ದಾಟುವ ತನಕ ತಪ್ಪಾಯಿತು ಎಂದು ಹೇಳುವುದನ್ನು ಬಾಯೊಳಗೇ ತಾಲೀಮು ಮಾಡಿದೆ. ಪ್ರತಿ ಸಲವೂ ಅದು ಬೇರೆ ಯಾರದೋ ದನಿಯಲ್ಲಿ ಬಂತು.

ಮಾಲಕರ ಹೆಂಡತಿ, ನಾವು ಕಾಕಿ ಎನ್ನುತ್ತಿದ್ದವರು, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಹಿತ್ತಲ ನೀರಿನ ಹೌದಿಗೆ ಕಂಪನಿಯ ತಗಡಿನ ಬೋರ್ಡೇ ಮುಚ್ಚಳ. "ಬಾರೋ, ಚಹಾ ಇಡ್ಲ್ಯಾ?" ಎಂದರು. ಮಾಲಕರಿಲ್ಲದ ಆ ಮನೆಯಲ್ಲಿ ನನಗೆ ಕೂರಲಾಗಲಿಲ್ಲ. ನಿಂತೇ ಹೇಳಿದೆ.

"ಕಾಕಿ, ಅವತ್ತ ನಾ ಒದರದಿದ್ರ ಹಿಂಗ ಆಗತಿದ್ದಿಲ್ಲ. ಮಾಲಕರನ್ನ ಮುಳಗಿಸಿದಾವ ನಾನ."

ಕಾಕಿಯ ಕೈ ಮೊರದಲ್ಲಿ ನಿಂತಿತು. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ಅಷ್ಟ ದೊಡ್ಡಾವ ಆಗಬ್ಯಾಡೋ ತಮ್ಮಾ. ಅವರನ್ನ ಮುಳಗಸಾಕ ಅವರೊಬ್ರ ಸಾಕಿದ್ರು."