ಗಾಡಿಯೊಳಗಿನ ಬಾತ್‌ರೂಮಿನ ಚಾವಿ

ಪೆಂಡುರ್ತಿಯ ನಮ್ಮ ಮನೆ ಮುಂದೆ ಆ ಗಾಡಿ ಬಂದು ನಿಂತ ದಿನ ನಾನು ಮಾಡಿದ ಮೊದಲ ಕೆಲಸ ಅದರ ಕೆಳಗೆ ನುಸುಳಿದ್ದು. ನನಗೆ ಎಪ್ಪತ್ತೊಂದು ವರ್ಷ. ಓಣಿಯವರು ಒಳಗಿನ ಹಾಸಿಗೆ, ಒಲೆ, ಕಿಟಕಿಯ ಪರದೆ ನೋಡುತ್ತಿದ್ದರೆ ನಾನು ರಸ್ತೆಯ ಮೇಲೆ ಅಂಗಾತ ಮಲಗಿ, ನೀರಿನ ಟ್ಯಾಂಕು ಎಲ್ಲಿದೆ, ಪೈಪು ಯಾವ ಕಡೆ ತಿರುಗುತ್ತದೆ ಎಂದು ಹುಡುಕುತ್ತಿದ್ದೆ. ಹತ್ತನೇ ತರಗತಿ ಮುಗಿಸಿ ಹಾವೇರಿ ಕಡೆಯಿಂದ ಬಂದು ನೌಕಾಪಡೆ ಸೇರಿ, ಆಮೇಲೆ ಈ ತೆಲುಗು ಸೀಮೆಯಲ್ಲೇ ಉಳಿದವನು ನಾನು. ಹಡಗಿನ ಹೊಟ್ಟೆಯಲ್ಲಿ ಪಂಪು, ಪೈಪುಗಳ ನಡುವೆಯೇ ಹದಿನೆಂಟು ವರ್ಷ ಕಳೆದೆ. ಯಾವ ಯಂತ್ರ ಕಂಡರೂ ಅದರ ಒಳಗೆ ಏನಿದೆ ಎಂದು ತಿಳಿಯುವ ತನಕ ನನಗೆ ಸಮಾಧಾನವಿಲ್ಲ.

ಟೆಂಪೋ ಟ್ರಾವೆಲರಿನ ಸೀಟು ಕಿತ್ತು ಮನೆಯಂತೆ ಮಾಡಿದ ಕ್ಯಾರವಾನ್ ಅದು. ಸಿಂಹಾಚಲಂ ರಸ್ತೆಯ ಗ್ಯಾರೇಜೊಂದರ ಮಾಲೀಕರು ಅದನ್ನು ಬಾಡಿಗೆಗೆ ಬಿಡುತ್ತಿದ್ದರು. ಒಳ್ಳೆ ಗಿರಾಕಿ ಸಿಕ್ಕರೆ ಮಾರಲೂ ಸಿದ್ಧರಿದ್ದರು. ಮೊದಲು ವಿಜಯವಾಡದವರೆಗೆ ಓಡಿಸಿ ನೋಡಿ, ಅಲ್ಲಿಂದ ಫೋನು ಮಾಡಿ ಬಾಡಿಗೆಯೋ ಕೊಳ್ಳುವುದೋ ಹೇಳಿ ಎಂದಿದ್ದರು.

ಇಷ್ಟೆಲ್ಲ ಶುರುವಾದದ್ದು ಹಾವೇರಿ ಕಡೆ ಊರಲ್ಲೇ ಇರುವ ನನ್ನ ಹೆಂಡತಿಯ ಅಕ್ಕನಿಂದ. ತಾಯಿಯಿಲ್ಲದ ನನ್ನ ಹೆಂಡತಿಯನ್ನು ಸಾಕಿದವರು ಅವರೇ. ಈಗ ಎಂಬತ್ತೈದು ದಾಟಿ, ಕಿವಿ ಹೋಗಿ, ಮನೆಯವರ ಗುರುತನ್ನೂ ಒಮ್ಮೊಮ್ಮೆ ಮರೆಯುತ್ತಾರೆ. ಗುರುತು ಪೂರ್ತಿ ಅಳಿಯುವ ಮೊದಲು ಒಮ್ಮೆ ಹೋಗಿ ಬರಬೇಕೆಂಬುದು ನನ್ನವಳ ಆಸೆ. ಆದರೆ ಎಂಟು ವರ್ಷದಿಂದ ಅವಳು ರೈಲು ಹತ್ತಿಲ್ಲ, ಬಸ್ಸು ಹತ್ತಿಲ್ಲ. ಕೇಳಿದರೆ ಬೇಡ ಅನ್ನುತ್ತಿದ್ದಳು. ಅವಳಿಗೆ ಸೋಮಾರಿತನ ಬಂದಿದೆ ಎಂದು ನಾನೇ ನೆಂಟರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದೆ. ಕಡೆಗೆ ವಿಜಯವಾಡದ ಪಟಮಟದಲ್ಲಿರುವ ಮಗಳು ನನಗೆ ಬಿಡಿಸಿ ಹೇಳಿದಳು. ಅವ್ವನಿಗೆ ಗಂಟೆಗೊಮ್ಮೆ ಬಾತ್‌ರೂಮಿಗೆ ಹೋಗಬೇಕು, ಮಾನಕ್ಕೆ ಅಂಜಿ ಹೇಳುವುದಿಲ್ಲ, ಬಾತ್‌ರೂಮು ಜೊತೆಗೇ ಬರುವ ಗಾಡಿ ಹುಡುಕು ಅಂತ. ಮೊಮ್ಮಗಳ ಬೇಸಿಗೆ ರಜೆಯಲ್ಲಿ ಮಗಳ ಮನೆಯವರು ಮೂವರು, ನಾವಿಬ್ಬರು, ಐದೂ ಜನ ಮೂರು ವಾರ ಊರ ಕಡೆ ಸುತ್ತಿ ಬರುವುದೆಂದು ಮಾತಾಯಿತು.

ಮಗಳು ಹೇಳಿದ್ದು ನನ್ನ ಕಿವಿಗೆ ಗಾಡಿಯಲ್ಲಿ ಏನೇನಿರಬೇಕು ಎಂಬ ಪಟ್ಟಿಯ ಹಾಗೆ ಕೇಳಿಸಿತು. ಮಾಲೀಕರ ಬಳಿ ನೂರು ಪ್ರಶ್ನೆ ಕೇಳಿದೆ. ಕಮೋಡಿನ ಕೆಳಗಿನ ಡಬ್ಬಿಯನ್ನು ಹೊರಗಿನಿಂದ ಹೇಗೆ ಎಳೆಯುವುದು, ಎಲ್ಲಿ ಖಾಲಿ ಮಾಡುವುದು, ವಾಸನೆ ಬಾರದಂತೆ ಯಾವ ನೀಲಿ ದ್ರಾವಣ ಹಾಕುವುದು, ಎಲ್ಲ ತಿಳಿದುಕೊಂಡೆ. ನಮ್ಮ ಕಾಂಪೌಂಡಿನ ಗೇಟಿನ ಅಗಲ ಅಳೆದೆ. ಒಂದು ಕಂಬ ಒಡೆದರೆ ಗಾಡಿ ಒಳಗೆ ಬರುತ್ತಿತ್ತು. ಕೊಂಡರೆ ಸಿಂಹಾಚಲಂ ಬೆಟ್ಟದ ಕೆಳಗೆ ಪೂಜೆ ಮಾಡಿಸಿ ಚಕ್ರಕ್ಕೆ ನಿಂಬೆಹಣ್ಣು ಇಡುವುದೆಂದೂ ಯೋಚಿಸಿದ್ದೆ. ಹೆಂಡತಿಯನ್ನು ಮಾತ್ರ ಒಂದೂ ಪ್ರಶ್ನೆ ಕೇಳಲಿಲ್ಲ. ನನಗೆ ಗಾಡಿ ಬೇಕಾಗಿದ್ದು ಅವಳಿಗಾಗಿ ಅಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಇಡೀ ಸರ್ವಿಸಿನಲ್ಲಿ ಇನ್ನೊಬ್ಬರ ಅಪ್ಪಣೆಗೆ ಕಾದವನಿಗೆ ಸಾಯುವ ಮೊದಲು ತನ್ನದೇ ಒಂದು ಹಡಗು ಬೇಕಾಗಿತ್ತು.

ಗಾಡಿ ಓಡಿಸಲು ವಿಜಯವಾಡದಿಂದ ಅಳಿಯ ಬಂದರು. ಒಂಬತ್ತು ವರ್ಷದ ಮೊಮ್ಮಗಳೂ ಅವರ ಜೊತೆ ರೈಲಿನಲ್ಲಿ ಬಂದಿದ್ದಳು. ಬೆಳಿಗ್ಗೆ ಆರಕ್ಕೆ ಹೊರಟೆವು. ಹೊರಡುವ ಮೊದಲು ನಾನು ಎರಡು ಕೆಲಸ ಮಾಡಿದ್ದೆ. ಹಡಗಿನಲ್ಲಿ ಸಿಹಿನೀರಿಗೆ ಹೊತ್ತು ಗೊತ್ತು ಇರುತ್ತದೆ, ಬೇಕಾದಾಗಲೆಲ್ಲ ನಲ್ಲಿ ತಿರುಗಿಸುವ ಹಾಗಿಲ್ಲ. ಅದೇ ಅಭ್ಯಾಸದಿಂದ ಕುಡಿಯುವ ನೀರಿನ ಕ್ಯಾನಿನ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದೆ. ತುನಿಗೆ ಬರುವ ಹೊತ್ತಿಗೆ ಇಷ್ಟು, ರಾಜಮಂಡ್ರಿಗೆ ಇಷ್ಟು, ಏಲೂರಿಗೆ ಇಷ್ಟು. ಎರಡನೆಯದು, ರಸ್ತೆ ಕುಲುಕಿದಾಗ ತೆರೆದುಕೊಳ್ಳದಿರಲಿ ಎಂದು ಬಾತ್‌ರೂಮಿನ ಬಾಗಿಲಿಗೆ ಮಾಲೀಕರು ಇಟ್ಟಿದ್ದ ಬೀಗ ಹಾಕಿ, ಚಾವಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಡಬ್ಬಿ ದಾರಿಯಲ್ಲೇ ತುಂಬಿಬಿಟ್ಟರೆ ಎಂಬ ಚಿಂತೆ. ಬೇಕಾದವರು ಕೇಳಿದರಾಯಿತು, ಕೊಡುತ್ತೇನೆ ಎಂದೆ.

ಅನಕಾಪಲ್ಲಿ ದಾಟಿದ ಮೇಲೆ ಮೊಮ್ಮಗಳು ಚಾವಿ ಕೇಳಿದಳು.

"ಸಣ್ಣದೋ ದೊಡ್ಡದೋ?" ಎಂದೆ.

ಅವಳು ನಕ್ಕಳು. ಸ್ಟಿಯರಿಂಗ್ ಹಿಡಿದಿದ್ದ ಅಳಿಯನೂ ನಕ್ಕರು. ನಾನೂ ನಕ್ಕೆ. ನನ್ನ ಹೆಂಡತಿ ಕಿಟಕಿಯ ಆಚೆ ನೋಡುತ್ತ ಸೆರಗು ಸರಿಮಾಡಿಕೊಂಡಳು. ನಮ್ಮ ಕಡೆಯ ಅವಳ ವಯಸ್ಸಿನವರು ಅಳಿಯನ ಎದುರು ನೇರ ಮಾತಾಡುವುದಿಲ್ಲ. ಊಟಕ್ಕೆ ಏಳಿ ಎಂಬುದನ್ನೂ ಮಗಳ ಬಾಯಿಂದಲೇ ಹೇಳಿಸುತ್ತಾರೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೆ.

ಅನ್ನವರಂ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಅವಳು ಬೇಡವೆಂದಳು. ರಾಜಮಂಡ್ರಿಯಲ್ಲಿ ಮಜ್ಜಿಗೆ ಬೇಡವೆಂದಳು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕ್ಯಾನು ನೋಡಿದರೆ ನೀರು ನನ್ನ ಗೆರೆಗಿಂತ ನಾಲ್ಕು ಬೆರಳು ಮೇಲೇ ನಿಂತಿತ್ತು. ಯಾರೋ ಕುಡಿಯುತ್ತಿಲ್ಲ ಎಂದು ಅದರಿಂದಲೇ ತಿಳಿಯಬಹುದಾಗಿತ್ತು. ಪೈಪಿನಲ್ಲಿ ಗಾಳಿ ಸೇರಿದ್ದನ್ನು ಸದ್ದಿನಿಂದಲೇ ಹಿಡಿಯುತ್ತಿದ್ದವನು ನಾನು, ಆ ನಾಲ್ಕು ಬೆರಳು ನೋಡಿ ಖುಷಿಪಟ್ಟೆ. ನಿಮ್ಮ ಅತ್ತೆ ಹಡಗಿನಲ್ಲಿದ್ದಿದ್ದರೆ ಮೆಡಲು ಸಿಗುತ್ತಿತ್ತು ಎಂದು ಅಳಿಯನಿಗೆ ಹೇಳಿದೆ.

ಪಟಮಟ ಮುಟ್ಟುವಾಗ ಮಧ್ಯಾಹ್ನ ಎರಡಾಗಿತ್ತು. ಗಾಡಿ ನಿಲ್ಲುತ್ತಲೇ ಅವಳು ಮೆಟ್ಟಿಲು ಇಳಿಯಲು ಹೋಗಿ ಕಾಲು ಬಾರದೆ ಬಾಗಿಲು ಹಿಡಿದು ನಿಂತಳು. ಮಗಳು ಓಡಿ ಬಂದು ಹೆಗಲು ಕೊಟ್ಟು ಒಳಗೆ ಕರೆದುಕೊಂಡು ಹೋದಳು. ಬಾತ್‌ರೂಮಿನ ಬಾಗಿಲು ಹಾಕಿದ ಸದ್ದು ಬೀದಿಗೆ ಕೇಳಿತು. ಗಾಡಿಯಲ್ಲೇ ಬಾತ್‌ರೂಮು ಇದೆಯಲ್ಲ ತಾತಯ್ಯ, ಅಮ್ಮಮ್ಮ ಯಾಕೆ ಹೋಗಲಿಲ್ಲ ಎಂದು ಮೊಮ್ಮಗಳು ತೆಲುಗಿನಲ್ಲಿ ಕೇಳಿದಳು. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು.

ಸಂಜೆಗೆ ಹೆಂಡತಿಗೆ ಜ್ವರ ಬಂತು. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಮೂತ್ರ ಪರೀಕ್ಷೆ ಮಾಡಿಸಿ ಔಷಧಿ ಕೊಡಿಸಿದಳು. ಆಮೇಲೆ ನನ್ನನ್ನು ವರಾಂಡಕ್ಕೆ ಕರೆದಳು.

"ಅಪ್ಪಾ, ಅವ್ವ ನಸುಕಿನಿಂದ ಒಂದು ಗುಟುಕು ನೀರು ಕುಡಿದಿಲ್ಲ. ನಿನಗ ಗೊತ್ತಿತ್ತೇನು?"

ಗೊತ್ತಿಲ್ಲ ಎಂದೆ. ಅದು ಸುಳ್ಳು. ಕ್ಯಾನಿನ ವಿಷಯ ಈವರೆಗೆ ಅವಳಿಗೆ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗಲಿ.

ಮೂರು ದಿನ ಗಾಡಿ ಬೇವಿನ ಮರದ ಕೆಳಗೆ ನಿಂತಿತ್ತು. ಹೆಂಡತಿ ಊರಿಗೆ ಹೋಗುವ ಮಾತನ್ನೇ ಬಿಟ್ಟಳು. ಮಾಲೀಕರು ಫೋನು ಮಾಡಿ ಏನು ತೀರ್ಮಾನ ಮಾಡಿದಿರಿ ಎಂದು ಕೇಳಿದರು. ನಾಲ್ಕನೆಯ ದಿನ ಬೆಳಿಗ್ಗೆ ಅವಳು ಹಿಂದಿನ ಕಟ್ಟೆಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದಾಗ ಹತ್ತಿರ ಹೋಗಿ ಕೂತೆ. ನಲವತ್ತಾರು ವರ್ಷದ ಸಂಸಾರದಲ್ಲಿ ಅವಳನ್ನು ಹೀಗೆ ಕೇಳಿದ್ದು ನೆನಪಿಲ್ಲ. ಬಾಡಿಗೆಗೆ ಇಟ್ಟುಕೊಳ್ಳೋಣವೋ, ಕೊಂಡುಬಿಡೋಣವೋ, ನಿನಗೆ ಏನು ಅನಿಸುತ್ತದೆ ಎಂದೆ.

ಅವಳು ಬಟ್ಟಲು ಕೆಳಗಿಟ್ಟಳು.

"ಬಾಡಿಗಿದ್ದಾದ್ರ ಚಾವಿ ಯಾರ ಕಡೆ ಇರ್ತೈತಿ? ಕೊಂಡಿದ್ದಾದ್ರ ಯಾರ ಕಡೆ ಇರ್ತೈತಿ? ಅದನ್ನ ಮೊದ್ಲ ಹೇಳ್ರಿ."

ನಾನು ಬಾಯಿ ತೆರೆಯುವ ಮೊದಲೇ ಅವಳೇ ಮುಂದುವರಿಸಿದಳು.

"ಸ್ವಂತದ್ದಾದ್ರ ನೀವು ಅದನ್ನ ಹಡಗ ಮಾಡ್ತೀರಿ. ಬಾಡಿಗಿದ್ದಾದ್ರ ನೀವೂ ನಮ್ಮಂಗ ಕುಂತು ಬರ್ತೀರಿ."

ಹೇಳಿ ಗಂಜಿ ಮುಗಿಸಿದಳು. ಉಪ್ಪು ಸಾಲದು ಎಂದು ಮಗಳನ್ನು ಕೂಗಿದಳು.

ಮಾಲೀಕರಿಗೆ ಫೋನು ಮಾಡಿ ಕೊಳ್ಳುವುದಿಲ್ಲ, ಮೂರು ವಾರ ಬಾಡಿಗೆಗೆ ಬೇಕು ಎಂದೆ. ಬಾಗಿಲಿನ ಬೀಗ ತೆಗೆದು ಒಳಗಡೆಯಿಂದ ಹಾಕುವ ಚಿಲಕ ಕೂಡಿಸಬಹುದೇ ಎಂದೂ ಕೇಳಿದೆ. ಅವರು ಬಿದ್ದು ಬಿದ್ದು ನಕ್ಕು ಒಪ್ಪಿದರು. ಪಟಮಟದ ಅಂಗಡಿಯಿಂದ ಹಿತ್ತಾಳೆ ಚಿಲಕ ತಂದು ನಾನೇ ತಿರುಪು ಹಾಕಿದೆ. ಕ್ಯಾನಿನ ಗೆರೆ ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಪೂರ್ತಿ ಹೋಗಲಿಲ್ಲ.

ಹೆಂಡತಿ ಚೇತರಿಸಿಕೊಂಡ ಮೇಲೆ ಊರ ಕಡೆ ಹೊರಟೆವು, ಈ ಸಲ ಮಗಳೂ ಜೊತೆಗಿದ್ದಳು. ವಿನುಕೊಂಡ ಬರುವ ಮೊದಲೇ ಕ್ಯಾನು ಖಾಲಿಯಾಗಿ ಗಾಡಿ ನಿಲ್ಲಿಸಿ ತುಂಬಿಸಿದೆವು. ಡಬ್ಬಿ ಖಾಲಿ ಮಾಡಿ ತೊಳೆಯುವ ಕೆಲಸ ದಾರಿಯುದ್ದಕ್ಕೂ ನಾನೇ ಮಾಡಿದೆ. ಅಳಿಯ ಕೈ ಹಾಕಲು ಬಂದರೆ ಬಿಡಲಿಲ್ಲ. ತೊಳೆಯುತ್ತಿದ್ದಾಗ ಒಂದು ವಿಚಾರ ತಲೆಯಲ್ಲಿ ತಿರುಗುತ್ತಿತ್ತು. ಈ ಎಂಟು ವರ್ಷದಲ್ಲಿ, ಅದಕ್ಕೂ ಮೊದಲು, ಎಷ್ಟು ಪ್ರಯಾಣದಲ್ಲಿ ಇವಳು ಬಾಯಿ ಒಣಗಿಸಿಕೊಂಡು ಕೂತಿದ್ದಳು? ಕೇಳಬೇಕು ಅನಿಸಿತು. ಉತ್ತರಕ್ಕೆ ಹೆದರಿ ಕೇಳಲಿಲ್ಲ.

ಊರು ಮುಟ್ಟಿದಾಗ ಅಕ್ಕ ತಂಗಿಯ ಗುರುತು ಹಿಡಿದರು. ಹಿಡಿದ ಮೇಲೆ, ಈಗ ನೆನಪಾತೇನು ನಾನು ಎಂದು ಬೈದು, ತಂಗಿಯ ಕೆನ್ನೆ ಸವರಿದರು. ಆಮೇಲೆ ಕೋಲು ಊರಿಕೊಂಡು ಗಾಡಿ ನೋಡಲು ಬಂದರು. ತಂಗಿಯೇ ಕೈ ಹಿಡಿದು ಹತ್ತಿಸಿ ಬಾತ್‌ರೂಮು ತೋರಿಸಿದಳು. ಇಬ್ಬರೂ ಅಷ್ಟಗಲದ ಜಾಗದಲ್ಲಿ ತೂರಿ ಬಾಗಿಲು ಎಳೆದುಕೊಂಡರು. ಅಕ್ಕನಿಗೆ ಕಿವಿ ಕೇಳದ್ದರಿಂದ ಮಾತು ಜೋರು.

"ಒಳಗಿಂದನ ಹಾಕ್ಕೊಳ್ಳೋದಾ ಇದು?"

ನಾನು ಬಿಸಿಲಲ್ಲಿ ಹೊರಗೆ ನಿಂತಿದ್ದೆ. ಅಕ್ಕ ಚಿಲಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಒಳಗೆ ಇಬ್ಬರೂ ನಗುತ್ತಿದ್ದರು. ಯಾಕೆಂದು ನನಗೆ ತಿಳಿಯಲಿಲ್ಲ. ಬಾಗಿಲು ತೆಗೆಯುವ ತನಕ ಕಾದೆ.