ಉಪೋಷ್ಣ ವಲಯದಲ್ಲಿ ಒಂದು ಫೆಬ್ರವರಿ

ಮೈಸೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಹನ್ನೊಂದು ವರ್ಷ ಭೂಗೋಳ ಕಲಿಸಿದೆ. ಟೆಕ್ಸಾಸಿಗೆ ಬಂದ ಮೇಲೆ ಆ ಹನ್ನೊಂದು ವರ್ಷಗಳ ಬಗ್ಗೆ ಯಾರೂ ಕೇಳಲಿಲ್ಲ. ಗಂಡನ ವೀಸಾದ ಮೇಲೆ ಬಂದವಳಿಗೆ ಕೆಲಸ ಮಾಡುವ ಅನುಮತಿ ಇರಲಿಲ್ಲ. ಅನುಮತಿ ಸಿಗುವ ಹೊತ್ತಿಗೆ ನನ್ನಲ್ಲಿ ಹುಮ್ಮಸ್ಸೇ ಉಳಿದಿರಲಿಲ್ಲ. ಮನೆಯಲ್ಲಿ ನನ್ನ ಭೂಗೋಳ ತಮಾಷೆಯ ವಸ್ತುವಾಗಿತ್ತು. ಯಾವುದೋ ದೇಶದ ರಾಜಧಾನಿ ನೆನಪಾಗದಿದ್ದಾಗ ಮಾತ್ರ ನನ್ನ ಗಂಡ "ಮೇಡಂ ಹೇಳ್ಬೇಕು" ಎನ್ನುತ್ತಿದ್ದರು.

ಡಲ್ಲಾಸಿನ ಪಕ್ಕದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ಆರು ವರ್ಷ ಇದ್ದೆವು. ಅಲ್ಲಿ ಒಂದೆರಡು ಸಲ ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟಿದ್ದನ್ನು ಕಂಡಿದ್ದೆವು. ಆಮೇಲೆ ಅವರ ಕೆಲಸ ಹ್ಯೂಸ್ಟನ್ನಿಗೆ ಬದಲಾಗಿ, ಫುಲ್‌ಶೀರ್‌ನ ಹೊಸ ಬಡಾವಣೆಯಲ್ಲಿ ಮನೆ ಕೊಂಡೆವು. ಮನೆಯ ಮುಂದೆ ಎರಡು ತಾಳೆ ಗಿಡ ನೆಟ್ಟಿದ್ದರು. ಅದನ್ನು ನೋಡಿದ್ದೇ ನನ್ನ ಗಂಡ, "ಇನ್ನು ಚಳಿ ಕಾಟ ಮುಗೀತು. ಹ್ಯೂಸ್ಟನ್ ಸಬ್‌ಟ್ರಾಪಿಕಲ್ ಕಣೆ" ಎಂದರು.

"ಡಲ್ಲಾಸೂ ಅದೇ, ಆಸ್ಟಿನ್ನೂ ಅದೇರೀ" ಎಂದೆ.

ಅವರು ನಕ್ಕರು. ನಾನು ಬಿಡಲಿಲ್ಲ. ಅತಿ ತಂಪಾದ ತಿಂಗಳಲ್ಲೂ ಸರಾಸರಿ ಹದಿನೆಂಟು ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಅದು ಉಷ್ಣವಲಯ, ನಮ್ಮ ಮೈಸೂರಿನ ಹಾಗೆ. ಆ ಸರಾಸರಿ ಹದಿನೆಂಟಕ್ಕಿಂತ ಕೆಳಗಿಳಿದರೂ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಮೇಲಿದ್ದು, ಬೇಸಿಗೆ ಸುಡುವಂತಿದ್ದು, ವರ್ಷವಿಡೀ ಮಳೆಯಾಗುತ್ತಿದ್ದರೆ ಅದು ಉಪೋಷ್ಣ, ಅಂದರೆ ಇವರ ಸಬ್‌ಟ್ರಾಪಿಕಲ್. ಲೆಕ್ಕವೆಲ್ಲ ತಿಂಗಳ ಸರಾಸರಿಯದು. ನಾಲ್ಕು ದಿನ ಎಲ್ಲ ಹೆಪ್ಪುಗಟ್ಟಿದರೂ ಆ ಹೆಸರು ಬದಲಾಗುವುದಿಲ್ಲ. ನಮ್ಮ ದೇಶಕ್ಕೆ ಉತ್ತರದಲ್ಲಿ ಹಿಮಾಲಯ ಅಡ್ಡ ನಿಂತಿದೆ. ಇಲ್ಲಿ ಕೆನಡಾದಿಂದ ಹೊರಟ ಗಾಳಿಯನ್ನು ಟೆಕ್ಸಾಸಿನವರೆಗೆ ತಡೆಯುವ ಒಂದು ಬೆಟ್ಟವೂ ಇಲ್ಲ. ಇಷ್ಟನ್ನೂ ಹೇಳಿ, "ಅಟ್ಟದಲ್ಲಿರೋ ನೀರಿನ ಪೈಪುಗಳಿಗೆ ಏನಾದ್ರೂ ಸುತ್ತಿಸಿ, ಒಳಗೆ ನೀರು ಗಡ್ಡೆ ಕಟ್ಟಿದ್ರೆ ಒಡೀತವೆ" ಎಂದೆ.

"ಇದು ನಿನ್ನ ಕ್ಲಾಸ್ ಅಲ್ಲ" ಎಂದು ಅವರು ಫೋನು ಕೈಗೆತ್ತಿಕೊಂಡರು. ಪಕ್ಕದಲ್ಲೇ ಮಗಳು ಹೋಮ್‌ವರ್ಕ್ ಮಾಡುತ್ತ ಕೂತಿದ್ದಳು.

ಆ ಚಳಿಗಾಲಕ್ಕೆ ಅತ್ತೆ ಬಂದರು. ಮಾವ ತೀರಿಕೊಂಡ ಮೇಲೆ ರವಿಕೆ ಹೊಲಿದು ಮಗನನ್ನು ಓದಿಸಿದವರು. ಎಪ್ಪತ್ತು ದಾಟಿದರೂ ಹೊಲಿಗೆ ಬಿಟ್ಟಿರಲಿಲ್ಲ. ನನ್ನ ಮಾತು ಕೇಳಿ ಅವರು ಎರಡು ಸ್ವೆಟರು, ಒಂದು ಶಾಲು, ದಪ್ಪ ಅಡಿಯ ಶೂ ಪೆಟ್ಟಿಗೆಗೆ ತುಂಬಿದ್ದರು. ಹೊರಡುವ ಹಿಂದಿನ ದಿನ ಮಗ ಫೋನಿನಲ್ಲಿ, "ಅದೆಲ್ಲ ತೆಗೆದಿಡಮ್ಮ. ಅಷ್ಟು ತೂಕಕ್ಕೆ ಹುಳಿಪುಡಿ, ಚಟ್ನಿಪುಡಿ ತಗೊಂಡು ಬಾ" ಎಂದರಂತೆ. ಅತ್ತೆ ಹಾಗೇ ಮಾಡಿದರು.

ಫೆಬ್ರವರಿಯಲ್ಲಿ ಉತ್ತರದ ಗಾಳಿ ಇಳಿಯಿತು, ಹಿಮ ಬಿತ್ತು. ಮೊದಲು ಕರೆಂಟು ಹೋಯಿತು. ಮರುದಿನ ಅಟ್ಟದಲ್ಲಿ ಪೈಪು ಒಡೆದು ಊಟದ ಮನೆಯ ಒಳಚಾವಣಿ ಕುಸಿದು ಬಿತ್ತು. ನನ್ನ ಗಂಡ ರಸ್ತೆಯ ಅಂಚಿನ ನೀರಿನ ಕವಾಟವನ್ನು ತಿರುಗಿಸಿ ಮುಚ್ಚಿದರು. ಅತ್ತೆ ಕಾಟನ್ ಸೀರೆಯ ಮೇಲೆ ಮಗನ ಕೋಟು ಹಾಕಿಕೊಂಡು, ಮೊಮ್ಮಗಳ ಹಾಸಿಗೆಯಲ್ಲಿ ಅವಳನ್ನು ಅಪ್ಪಿಕೊಂಡು ಕೂತಿದ್ದರು.

ಮೂರನೆಯ ಬೆಳಿಗ್ಗೆ ನಾನು ಒದ್ದೆ ರತ್ನಗಂಬಳಿ ಎಳೆದುಹಾಕುತ್ತಿದ್ದೆ. ಹಿತ್ತಲಿನಿಂದ ಬಕೆಟ್ಟು ಉರುಳಿದ ಸದ್ದು ಕೇಳಿತು. ಅತ್ತೆ ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಹೊರಗೆ ಹೋಗಿ, ಗಾರೆ ನೆಲದ ಮೇಲೆ ಜಾರಿ ಬಿದ್ದಿದ್ದರು. ಬಲಗೈ ಮೈಯಡಿ ಸಿಕ್ಕಿಕೊಂಡಿತ್ತು.

"ಯಾಕತ್ತೆ ಹೊರಗೆ ಬಂದ್ರಿ?"

"ಕಕ್ಕಸಿಗೆ ನೀರಿಲ್ಲವಲ್ಲಮ್ಮ. ಹಿಮ ತುಂಬಿಕೊಂಡು ಬಂದ್ರೆ ಕರಗುತ್ತೆ ಅಂತ..." ಅವರು ಅಳಲಿಲ್ಲ. ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು.

ರಸ್ತೆಯ ಮಂಜುಗಡ್ಡೆ ಸಡಿಲಾಗುವವರೆಗೆ ಕಾದು, ಮಧ್ಯಾಹ್ನ ಆಸ್ಪತ್ರೆಗೆ ಕರೆದೊಯ್ದೆವು. ಮೂಳೆ ಎರಡು ಕಡೆ ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟು ಕೂಡಿಸಿದರು. ಕೈ ಉಳಿಯಿತು, ಹಿಡಿತ ಉಳಿಯಲಿಲ್ಲ. ಎರಡು ತಿಂಗಳ ನಂತರ, ಮೈಸೂರಿಗೆ ಹೊರಡುವ ಮುಂಚೆ, ನನ್ನ ರವಿಕೆಯ ಕೊಕ್ಕೆಯೊಂದನ್ನು ಹೊಲಿಯಲು ಕೂತರು. ಸೂಜಿ ಮೂರು ಸಲ ಬಿತ್ತು. ನಾಲ್ಕನೆಯ ಸಲ ಅದನ್ನು ನೆಲದ ಮೇಲೇ ಬಿಟ್ಟು, "ನೀನೇ ಹಾಕ್ಕೊ ತಾಯಿ" ಎಂದು ರವಿಕೆ ನನ್ನ ಮಡಿಲಿಗಿಟ್ಟರು.

ಆ ದಿನಗಳಲ್ಲಿ ನಾನು ಗಂಡನನ್ನು ದೂರಲಿಲ್ಲ. ಅವರ ತಾಯಿ, ಅವರ ದುಃಖ ಎಂದುಕೊಂಡೆ. ಅವರೇ ಒಂದು ಮಾತು ಆಡಬಹುದೆಂದೂ ಕಾದೆ.

ಬೇಸಿಗೆಯಲ್ಲಿ ಆಸ್ಟಿನ್ನಿನ ಗೆಳೆಯರೊಬ್ಬರ ಗೃಹಪ್ರವೇಶಕ್ಕೆ ಹೋದೆವು. ಊಟವಾದ ಮೇಲೆ ಮಾತು ಆ ಫೆಬ್ರವರಿಯ ಕಡೆ ತಿರುಗಿತು. ನನ್ನ ಗಂಡ ತಾಯಿಯ ಕೈಯ ಕಥೆ ಹೇಳಿದರು, ಚೆನ್ನಾಗಿಯೇ ಹೇಳಿದರು. ಒಬ್ಬ ಆಂಟಿ ಕಣ್ಣೊರೆಸಿಕೊಂಡರು. ಕೊನೆಗೆ ನನ್ನ ಗಂಡ, "ಏನ್ ಮಾಡೋದು, ಹ್ಯೂಸ್ಟನ್‌ನಲ್ಲಿ ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?" ಎಂದರು.

ಹದಿನಾಲ್ಕರ ಮಗಳು ತಟ್ಟೆಯಿಂದ ತಲೆಯೆತ್ತಿದಳು. "ಅಮ್ಮ ಟೋಲ್ಡ್ ಯು, ಡ್ಯಾಡ್."

"ವಾಟ್?"

"ಪೈಪ್ಸ್ ಬಗ್ಗೆ. ಅಜ್ಜಿಯ ಸ್ವೆಟರ್ಸ್ ಬಗ್ಗೆ. ಐ ವಾಸ್ ದೇರ್."

ಎಲ್ಲರೂ ನನ್ನ ಕಡೆ ನೋಡಿದರು. ಅವಳ ಮಾತನ್ನು ನಗೆಯಲ್ಲಿ ತೇಲಿಸಿಬಿಡಲು ನನಗೆ ಒಂದು ಕ್ಷಣವಿತ್ತು. "ಹೌದು, ಹೇಳಿದ್ದೆ" ಎಂದೆ. "ಪೈಪಿಗೆ ಸುತ್ತಿಸಿ ಅಂದಿದ್ದೆ. ಶೂ ತರೋಕೆ ಅತ್ತೆಗೆ ಹೇಳಿದ್ದೆ. ಇವರು ಬೇಡ ಅಂದ್ರು."

ಮನೆಯೊಡತಿ ಎದ್ದು ಕಾಫಿ ಮಾಡಲು ಹೋದರು.

ಫುಲ್‌ಶೀರ್‌ವರೆಗಿನ ದಾರಿಯಲ್ಲಿ ಅವರು ಒಂದೇ ಮಾತು ಆಡಿದ್ದು: "ನಾಲ್ಕು ಜನರ ಮುಂದೆ ನನ್ನ ಮಾನ ಕಳೆದೆ."

"ನಿಮ್ಮಮ್ಮನ ಕೈ ಹೋಯ್ತು" ಎಂದೆ. ಅವರು ಏಸಿ ಜೋರು ಮಾಡಿದರು.

ಮರುವಾರ ಅವರ ಆಫೀಸಿನ ಮೇಜು ಮಹಡಿಯ ಕೋಣೆಗೆ ಹೋಯಿತು, ಆಮೇಲೆ ದಿಂಬೂ ಹೋಯಿತು. ಈಗ ತರಕಾರಿ, ಮಗಳ ಈಜಿನ ಕ್ಲಾಸು, ಕಸದ ಡಬ್ಬ ಹೊರಗಿಡುವ ದಿನ, ಇಷ್ಟರ ಬಗ್ಗೆ ಮಾತಾಡುತ್ತೇವೆ. ನಾನು ಹೇಳಿದ್ದು ನಿಜವಾಯಿತೆಂಬ ಸಮಾಧಾನ ಒಂದು ದಿನವೂ ನನಗೆ ಸಿಗಲಿಲ್ಲ. ಅವತ್ತು ಅವರು ಫೋನು ಕೈಗೆತ್ತಿಕೊಂಡಾಗ ಅದನ್ನು ಕಿತ್ತಿಟ್ಟು ಇನ್ನೊಂದು ಸಲ ಹೇಳಬೇಕಿತ್ತು. ನಾನೇ ಯಾರನ್ನಾದರೂ ಕರೆಸಿ ಪೈಪಿಗೆ ಸುತ್ತಿಸಬೇಕಿತ್ತು. ತಿಳಿದವಳು ನಾನೊಬ್ಬಳೇ ಇದ್ದೆ, ಒಂದು ಸಲ ಹೇಳಿ ಸುಮ್ಮನಾದೆ.